ಓದುಗರ ಪ್ರಶ್ನೆ: ರೂಬೆನ್ ಸ್ಯಾಂಡ್‌ವಿಚ್ ಕೈಯಲ್ಲೇ ಕಳಚಿಬಿದ್ದರೆ

ಪ್ರಶ್ನೆ: ನ್ಯೂಜೆರ್ಸಿಯ ಮಗನ ಮನೆಗೆ ಬಂದಿದ್ದೇವೆ. ಹತ್ತಿರದ ಡೈನರ್‌ನಲ್ಲಿ (ಅಲ್ಲಿನ ಸಾದಾ ಹೋಟೆಲು) ರೂಬೆನ್ ಸ್ಯಾಂಡ್‌ವಿಚ್ ತರಿಸಿದೆವು. ಅರ್ಧ ತಿನ್ನುವಷ್ಟರಲ್ಲಿ ಕೆಳಗಿನ ಬ್ರೆಡ್ ನೆಂದು ಹರಿದು, ಒಳಗಿನದೆಲ್ಲ ತಟ್ಟೆಗೆ ಬಿತ್ತು. ನಮಗೆ ತಿನ್ನಲು ಬರಲಿಲ್ಲವೋ, ಮಾಡಿದ್ದೇ ಸರಿಯಿರಲಿಲ್ಲವೋ? (ಓದುಗರು, ಶಿವಮೊಗ್ಗ)

ಉತ್ತರ: ಮಾಡಿದ್ದೇ ಸರಿಯಿಲ್ಲ. ರೂಬೆನ್‌ಗೆ ಬೇಕಾದದ್ದು ರೈ ಎಂಬ ಧಾನ್ಯದ ಬ್ರೆಡ್, ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ ಬೇಯಿಸಿದ ಕಾರ್ನ್ಡ್ ಬೀಫ್, ಸ್ವಿಸ್ ಚೀಸ್, ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು ಅಂದರೆ ಸಾರ್‌ಕ್ರಾಟ್, ಜೊತೆಗೆ ರಷ್ಯನ್ ಇಲ್ಲವೇ ಥೌಸಂಡ್ ಐಲೆಂಡ್ ಡ್ರೆಸ್ಸಿಂಗ್, ಅಂದರೆ ಮೇಯನೇಸ್ ಬೆರೆಸಿದ ಸಾಸ್. ಕೆಡಿಸುವುದು ಹೆಚ್ಚಾಗಿ ಎಲೆಕೋಸಿನ ನೀರು. ಅದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಕಾದ ಕಾವಲಿಯ ಮೇಲೆ ಒಂದೆರಡು ನಿಮಿಷ ಹರಡಿ ಒಣಗಿಸಬೇಕು. ಗಿರಾಕಿಗಳ ನೂಕುನುಗ್ಗಲಿನಲ್ಲಿ ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ.

ಜೋಡಿಸುವ ಕ್ರಮವೂ ಮುಖ್ಯ. ಎರಡೂ ಬ್ರೆಡ್‌ಗಳ ಒಳಮೈಗೆ ಒಂದೊಂದು ಚೀಸ್ ಹಾಳೆ ಇರಬೇಕು. ಕರಗಿದ ಚೀಸಿನ ಕೊಬ್ಬು ನೀರನ್ನು ಬ್ರೆಡ್‌ಗೆ ಸುಲಭವಾಗಿ ಇಳಿಯಗೊಡುವುದಿಲ್ಲ. ಮಾಂಸ, ಎಲೆಕೋಸು, ಒಂದು ಚಮಚ ಡ್ರೆಸ್ಸಿಂಗ್ ಇವೆಲ್ಲ ನಡುವೆ. ಮನೆಯಲ್ಲಿ ಮಾಡುವಾಗ ಒಂದಕ್ಕೆ 100ರಿಂದ 120 ಗ್ರಾಂ ಮಾಂಸ ಸಾಕು. ಎಳೆಗಳಿಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ, ಮೊದಲೇ ಬಿಸಿ ಮಾಡಿಕೊಳ್ಳಿ. ದಪ್ಪಗಿದ್ದರೆ ಮೊದಲ ಕಚ್ಚಿಗೇ ತುಂಡು ಪೂರ್ತಿ ಎಳೆದುಕೊಂಡು ಬರುತ್ತದೆ. ಹೊರಮೈಗೆ ಬೆಣ್ಣೆ ಸವರಿ ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ 3–4 ನಿಮಿಷ ಕಾಯಿಸಿ. ಉರಿ ಜೋರಾದರೆ ಬ್ರೆಡ್ ಕಪ್ಪಾದರೂ ಚೀಸ್ ಕರಗಿರುವುದಿಲ್ಲ.

ಡೈನರ್‌ನಲ್ಲಿ ಹೇಳುವಾಗಲೇ ಬ್ರೆಡ್ ಗರಿಗರಿಯಾಗಿರಲಿ, ಎಲೆಕೋಸು ಹಿಂಡಿ ಹಾಕಿ, ಡ್ರೆಸ್ಸಿಂಗ್ ಬೇರೆ ಬಟ್ಟಲಲ್ಲಿ ಕೊಡಿ ಎನ್ನಿ. ಹೀಗೆ ಕೇಳುವುದು ಅಲ್ಲಿ ತೀರ ಮಾಮೂಲು, ಸಂಕೋಚ ಬೇಡ. ತಟ್ಟೆ ಬಂದ ಕೂಡಲೇ ಎರಡನೆಯ ಅರ್ಧವನ್ನು ಅಂಚಿನ ಮೇಲೆ ನಿಲ್ಲಿಸಿಡಿ. ಮಲಗಿಸಿಟ್ಟರೆ ಹಬೆ ಅಡಿಯಲ್ಲೇ ನಿಂತು ಬ್ರೆಡ್ ಮೆತ್ತಗಾಗುತ್ತದೆ. ಒಂದು ತಟ್ಟೆ ಇಬ್ಬರಿಗೆ ಆಗುವಷ್ಟಿರುತ್ತದೆ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು, ಮನೆಯಲ್ಲಿ ಕಾವಲಿಯ ಮೇಲೆಯೇ ಬಿಸಿ ಮಾಡಿ; ಮೈಕ್ರೋವೇವ್ ಬೇಡ.

ಒಂದು ಮಾತು: ಇದನ್ನು ಯಹೂದಿ ಡೆಲಿಗಳ (ಸಂಸ್ಕರಿಸಿದ ಮಾಂಸ, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳ) ತಿಂಡಿ ಎನ್ನುತ್ತಾರಾದರೂ, ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಕೂಡಿಸಬಾರದೆಂಬ ಕೋಶರ್ ನಿಯಮ ಪಾಲಿಸುವ ಡೆಲಿಯಲ್ಲಿ ಇದು ಈ ರೂಪದಲ್ಲಿ ಸಿಗದು. ಹುಟ್ಟಿದ್ದು ನೆಬ್ರಾಸ್ಕದ ಒಮಾಹಾದ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲೋ, ನ್ಯೂಯಾರ್ಕಿನ ಆರ್ನಲ್ಡ್ ರೂಬೆನ್ ಅವರ ಡೆಲಿಯಲ್ಲೋ ಎಂಬ ಜಗಳ ಇನ್ನೂ ತೀರಿಲ್ಲ.

ಪ್ರಶ್ನೆ: ನಾವು ದನದ ಮಾಂಸ ತಿನ್ನುವುದಿಲ್ಲ, ಮನೆಯವರು ಶುದ್ಧ ಸಸ್ಯಾಹಾರಿ. ಅಮೆರಿಕದ ಡೈನರ್‌ನಲ್ಲಿ ಏನು ತರಿಸಬಹುದು? (ಓದುಗರು, ಹಾಸನ)

ಉತ್ತರ: ನೀವು ‘ರೇಚಲ್’ ಕೇಳಿ. ಅದರಲ್ಲಿ ಟರ್ಕಿ ಕೋಳಿಯ ಮಾಂಸ, ಸಾರ್‌ಕ್ರಾಟ್ ಬದಲು ಕೋಲ್‌ಸ್ಲಾ (ಹಸಿ ಎಲೆಕೋಸಿನ ಸಲಾಡ್) ಇರುತ್ತದೆ. ಆದರೆ ಕೆಲವೆಡೆ ಅದೇ ಹೆಸರಿನಲ್ಲಿ ಮಸಾಲೆ ಹಚ್ಚಿ ಹೊಗೆಯಾಡಿಸಿದ ಪಸ್ಟ್ರಾಮಿ ಮಾಂಸ ಹಾಕುತ್ತಾರೆ, ಅದು ಸಾಮಾನ್ಯವಾಗಿ ದನದ್ದೇ. ಹಾಗಾಗಿ ಟರ್ಕಿ ಎಂದು ಬಿಡಿಸಿ ಹೇಳಿ.

ಮನೆಯವರಿಗೆ ರೈ ಬ್ರೆಡ್ಡಿನಲ್ಲಿ ಚೀಸ್, ಟೊಮೆಟೊ, ಸಾರ್‌ಕ್ರಾಟ್ ಇಟ್ಟು ಕಾಯಿಸಿ ಕೊಡಲು ಹೇಳಿ, ರುಚಿ ರೂಬೆನ್‌ಗೆ ಹತ್ತಿರವೇ ಬರುತ್ತದೆ. ಮೊಟ್ಟೆಯೂ ಬೇಡವೆಂದರೆ ಡ್ರೆಸ್ಸಿಂಗ್ ಬಿಡಿ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಮೇಯನೇಸ್ ಇರುತ್ತದೆ. ಬದಲಿಗೆ ಸಾಸಿವೆ ಸಾಸ್ ಚೆನ್ನಾಗಿ ಹೊಂದುತ್ತದೆ. ಕೆಲವು ಸ್ವಿಸ್ ಚೀಸ್‌ಗಳಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಬೇಕನ್ (ಹಂದಿಮಾಂಸ) ಹುರಿದ ಕಾವಲಿಯ ಮೇಲೆಯೇ ಬ್ರೆಡ್ಡನ್ನೂ ಕಾಯಿಸುವುದು ಸಾಮಾನ್ಯ, ಬೇರೆ ಬಾಣಲೆ ಕೇಳಿ. ಸೂಪಿನಲ್ಲಂತೂ ಎಚ್ಚರ: ಬಟಾಣಿ ಸೂಪಿಗೆ ಹಂದಿಮಾಂಸ, ಫ್ರೆಂಚ್ ಈರುಳ್ಳಿ ಸೂಪಿಗೆ ದನದ ಮೂಳೆಯ ರಸ ಹಾಕುವುದು ಅಲ್ಲಿನ ರೂಢಿ.