ನಾರ್ತ್ ಪ್ಲ್ಯಾಟ್‌ಗೆ ಬರಲಿರುವ ಹುಬ್ಬಳ್ಳಿಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆಗಳನ್ನು ಎರಡು ಸಲ ಓದಿದೆ. ಗಂಡನಿಗೆ ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್‌ನಲ್ಲಿ ಕೆಲಸ ಸಿಕ್ಕಿದೆ, ನೋಡಿಟ್ಟಿರುವ ಮನೆ ರೈಲು ಹಳಿಗೆ ಹತ್ತಿರ, ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ, ಅಷ್ಟು ಸಣ್ಣ ಊರಿನ ಜನ ನಮ್ಮನ್ನು ಹೇಗೆ ಕಾಣುತ್ತಾರೆ, ರೈಲು ಇದೆಯಲ್ಲ, ಕಾರಿಲ್ಲದೆ ನಡೆಯುತ್ತದಾ ಎಂದು ಕೇಳಿದ್ದೀಯ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು ಎಂದೂ ಬರೆದಿದ್ದೀಯ. ಹದಿನೇಳು ವರ್ಷದಿಂದ ಈ ಊರಲ್ಲಿರುವ ನನಗೆ ಅದೊಂದು ಮಾತಿನಿಂದಲೇ ನೀನು ಇಲ್ಲಿ ಬೇಗ ಹೊಂದಿಕೊಳ್ಳುತ್ತೀಯ ಎನ್ನಿಸಿತು.

ಕಾರಿಲ್ಲದೆ ನಡೆಯುವುದಿಲ್ಲ. ಹಗಲೂ ರಾತ್ರಿ ರೈಲು ಓಡುತ್ತವೆ, ಆದರೆ ಎಲ್ಲವೂ ಗೂಡ್ಸ್ ಗಾಡಿಗಳು. ಪ್ಯಾಸೆಂಜರ್ ಗಾಡಿ ಇಲ್ಲಿ ನಿಲ್ಲುವುದು 1971ಕ್ಕೇ ಮುಗಿಯಿತು. ಆಮ್‌ಟ್ರ್ಯಾಕ್ ಎಂಬ ದೂರದ ಪ್ಯಾಸೆಂಜರ್ ರೈಲು ಹತ್ತಬೇಕೆಂದರೂ ದಕ್ಷಿಣದ ಮೆಕ್‌ಕುಕ್‌ವರೆಗೆ ಕಾರಿನಲ್ಲೇ ಹೋಗಬೇಕು, ಅದೂ ಸರಿರಾತ್ರಿಯಲ್ಲಿ. ಒಮಾಹಾ ಸುಮಾರು 450 ಕಿಲೋಮೀಟರ್, ಡೆನ್ವರ್ ಅದಕ್ಕಿಂತ ಸ್ವಲ್ಪ ಹತ್ತಿರ. ತಿಂಗಳ ಬೇಳೆಕಾಳು, ಮಸಾಲೆಗೆ ನಾವು ಡೆನ್ವರ್‌ಗೆ ಹೋಗಿಬರುತ್ತೇವೆ. ಊರಲ್ಲಿದ್ದಾಗಲೇ ಡ್ರೈವಿಂಗ್ ಕಲಿತುಬಿಡು.

ನಿನ್ನ ಮನೆಯ ಮುಂದೆ ಹಾಯುವ ಹಳಿ ಯೂನಿಯನ್ ಪೆಸಿಫಿಕ್ ಕಂಪನಿಯದು. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ್ದು. 1863ರ ಡಿಸೆಂಬರ್‌ನಲ್ಲಿ ಒಮಾಹಾದಲ್ಲಿ ಗುದ್ದಲಿ ಪೂಜೆಯಾಯಿತು. ಪ್ಲ್ಯಾಟ್ ನದಿಯ ಬಯಲು ಅಂಗೈಯಂತೆ ಸಮತಟ್ಟು, ನೀರಿಗೂ ಕೊರತೆಯಿಲ್ಲ, ಹಾಗಾಗಿ ಹಳಿ ನದಿಯ ಜೊತೆಜೊತೆಗೇ ಪಶ್ಚಿಮಕ್ಕೆ ಸಾಗಿತು. 1866ರಲ್ಲಿ ಇಲ್ಲಿಗೆ ಮುಟ್ಟಿತು, ಆಗಲೇ ಈ ಊರು ಹುಟ್ಟಿತು. ಊರಿಗೆ ರೈಲು ಬಂದದ್ದಲ್ಲ, ರೈಲಿಗಾಗಿ ಊರು ಎದ್ದದ್ದು. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ, ಕ್ಯಾಲಿಫೋರ್ನಿಯಾ ಕಡೆಯಿಂದ ಬಂದ ಸೆಂಟ್ರಲ್ ಪೆಸಿಫಿಕ್ಕಿನ ಹಳಿಗೆ ಇದು ಕೂಡಿತು. ಅಲ್ಲಿ ಹೊಡೆದ ಚಿನ್ನದ ಮೊಳೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಡೆಯ ಬೆಟ್ಟ ಕೊರೆದವರು ಸಾವಿರಾರು ಚೀನೀ ಕೂಲಿಗಳು, ಈ ಕಡೆ ಹಳಿ ಹೊತ್ತವರಲ್ಲಿ ಬಹಳಷ್ಟು ಐರಿಷ್ ವಲಸಿಗರು, ಮತ್ತು ಹಳಿ ಬಿದ್ದದ್ದು ಪಾನೀ, ಶಯಾನ್, ಲಕೋಟಾ ಎಂಬ ಮೂಲನಿವಾಸಿ ಜನರ ನೆಲದ ಮೇಲೆ. ಅದನ್ನು ಬಿಟ್ಟು ಬರೀ ಮೊಳೆಯ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ ಒಂದೊಂದೇ ಕಂಪನಿ ಇದರೊಳಗೆ ಸೇರಿತು. 1996ರಲ್ಲಿ ಸದರ್ನ್ ಪೆಸಿಫಿಕ್ ಕೂಡಿದ್ದು ದೊಡ್ಡದು. ಈಗ 23 ರಾಜ್ಯಗಳಲ್ಲಿ ಸುಮಾರು 51,000 ಕಿಲೋಮೀಟರ್ ದಾರಿ. ಇಲ್ಲಿಂದ ಪಶ್ಚಿಮಕ್ಕೆ ಶಯೆನ್, ಆಗ್ಡೆನ್ ಊರುಗಳನ್ನು ಹಾಯ್ದು ಪೆಸಿಫಿಕ್ ಕರಾವಳಿಯ ಬಂದರುಗಳು. ವಾಯುವ್ಯಕ್ಕೆ ವಯೋಮಿಂಗ್‌ನ ಕಲ್ಲಿದ್ದಲು ಗಣಿಗಳು. ಪೂರ್ವಕ್ಕೆ ಶಿಕಾಗೋ. ಶಿಕಾಗೋ, ಸೇಂಟ್ ಲೂಯಿಸ್, ನ್ಯೂ ಆರ್ಲಿಯನ್ಸ್ ದಾಟಿದರೆ ಸರಕು ಬೇರೆ ಕಂಪನಿಯ ಕೈಗೆ. ಕಡಲಿಂದ ಕಡಲಿಗೆ ಒಂದೇ ಕಂಪನಿ ಆಗಲೆಂದು 2025ರ ಜುಲೈನಲ್ಲಿ ಪೂರ್ವದ ರೈಲು ಕಂಪನಿ ನಾರ್ಫೋಕ್ ಸದರ್ನ್ ಜೊತೆ ವಿಲೀನದ ಒಪ್ಪಂದ ಪ್ರಕಟಿಸಿದರು. ಊರಿನ ಕಟಿಂಗ್ ಶಾಪಿನಲ್ಲೂ ಅದೇ ಮಾತಾಗಿತ್ತು.

ಊರಿನ ಪಶ್ಚಿಮಕ್ಕೆ ಬೇಯ್ಲಿ (Bailey) ಎಂಬ ಹೆಸರಿನ ಯಾರ್ಡ್ ಇದೆ, ವ್ಯಾಗನ್ ಬೇರ್ಪಡಿಸುವ ಯಾರ್ಡುಗಳಲ್ಲಿ ಜಗತ್ತಿಗೇ ದೊಡ್ಡದು. ಉದ್ದವೇ 13 ಕಿಲೋಮೀಟರ್. ನಿನ್ನ ಅಪ್ಪನಿಗೆ ಶಂಟಿಂಗ್ ಗೊತ್ತಿರುತ್ತದೆ, ಇದನ್ನು ಕೇಳಿಸು. ಇಲ್ಲಿ ಎರಡು ದಿಬ್ಬಗಳಿವೆ, ಪೂರ್ವಕ್ಕೆ ಹೋಗುವ ವ್ಯಾಗನ್‌ಗಳದ್ದು 34 ಅಡಿ ಎತ್ತರ. ಎಂಜಿನ್ ಹಿಂದಿನಿಂದ ನಿಧಾನವಾಗಿ ನೂಕುತ್ತದೆ. ನೆತ್ತಿ ಮುಟ್ಟಿದ ವ್ಯಾಗನ್ ಕೊಂಡಿ ಕಳಚಿಕೊಂಡು ತನ್ನ ಭಾರಕ್ಕೇ ಇಳಿಯುತ್ತದೆ. ಕೆಳಗೆ ಪಾಯಿಂಟುಗಳು ತಾವೇ ಹೊರಳಿ, ಒಂದನ್ನು ಸಿಯಾಟಲ್ ಕಡೆಯ ಸಾಲಿಗೆ, ಇನ್ನೊಂದನ್ನು ಟೆಕ್ಸಸ್ ಕಡೆಯದಕ್ಕೆ ಕಳಿಸುತ್ತವೆ. ವೇಗ ಹೆಚ್ಚಾಗದಂತೆ ಹಳಿಯ ಪಕ್ಕದ ಉಕ್ಕಿನ ಪಟ್ಟಿಗಳು ಗಾಲಿಯನ್ನು ಎರಡೂ ಕಡೆಯಿಂದ ಅದುಮುತ್ತವೆ. ಆಗ ಏಳುವ ಕೀರಲು ಸದ್ದು ಚಳಿಗಾಲದ ರಾತ್ರಿ ಬಹಳ ದೂರ ಕೇಳುತ್ತದೆ. ಮೊದಲ ತಿಂಗಳು ನನಗೂ ನಿದ್ದೆ ಕೆಟ್ಟಿತ್ತು. ಈಗ ಕೇಳಿಸದಿದ್ದರೆ ಎಚ್ಚರವಾಗುತ್ತದೆ.

ಹಾರ್ನ್ ಬೇರೆ. ಗೇಟಿನ ಹತ್ತಿರ ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಹಾಗೆ ಊದಬೇಕೆಂದು ಕಾನೂನೇ ಇದೆ. ಗಾಡಿ ಎರಡು, ಮೂರು ಕಿಲೋಮೀಟರ್ ಉದ್ದವಿರುತ್ತದೆ, ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮಿಗೂ ಹಿಡಿಸುವುದಿಲ್ಲ. ಬ್ರೇಕ್ ಹಾಕಿದರೆ ಕೂಡಲೇ ನಿಲ್ಲುವ ಮಾತೇ ಇಲ್ಲ. ಕಾರು ಹಳಿಯ ಮೇಲೆ ಕೆಟ್ಟು ನಿಂತರೆ ಮೊದಲು ಮಕ್ಕಳನ್ನು ಇಳಿಸಿಕೊಂಡು ದೂರ ಹೋಗು, ಆಮೇಲೆ ಗೇಟಿನ ಪಕ್ಕದ ನೀಲಿ ಬೋರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡು. ಹಳಿ ದಾಟಿ ಅಡ್ಡಹಾದಿ ಹಿಡಿಯುವ ನಮ್ಮೂರ ಅಭ್ಯಾಸ ಇಲ್ಲಿ ಬೇಡವೇ ಬೇಡ.

ಪಕ್ಕದ ಮನೆಯವರು ಹಗಲು ಹನ್ನೊಂದಕ್ಕೂ ಕರ್ಟನ್ ಎಳೆದುಕೊಂಡಿದ್ದರೆ ಬೇಸರ ಮಾಡಿಕೊಳ್ಳಬೇಡ. ರಾತ್ರಿ ಗಾಡಿ ನಡೆಸಿ ಬಂದು ಮಲಗಿರುತ್ತಾರೆ.

ಜನರ ವಿಷಯಕ್ಕೆ ಒಂದು ಹಳೆಯ ಸಂಗತಿ. 1941ರ ಡಿಸೆಂಬರ್‌ನಲ್ಲಿ ನೆಬ್ರಾಸ್ಕಾದ ಹುಡುಗರಿರುವ ಸೈನ್ಯದ ಗಾಡಿ ಬರುತ್ತದೆಂದು ಊರಿನವರು ತಿಂಡಿ, ಉಡುಗೊರೆ ಹಿಡಿದು ಸ್ಟೇಷನ್ನಿಗೆ ಹೋದರು. ಬಂದವರು ಕ್ಯಾನ್ಸಸ್‌ನವರು. ತಂದದ್ದನ್ನೆಲ್ಲ ಅವರಿಗೇ ಕೊಟ್ಟರು. ಆ ಕ್ರಿಸ್‌ಮಸ್‌ನಿಂದ 1946ರ ಏಪ್ರಿಲ್ 1ರವರೆಗೆ, ಉಗಿ ಎಂಜಿನ್ನಿಗೆ ನೀರು ತುಂಬುವ ಹತ್ತು ನಿಮಿಷದಲ್ಲಿ, ಬಂದ ಸೈನಿಕರಿಗೆಲ್ಲ ಕಾಫಿ, ಸ್ಯಾಂಡ್‌ವಿಚ್, ಹುಟ್ಟಿದ ಹಬ್ಬವಿದ್ದವರಿಗೆ ಕೇಕ್. ಒಟ್ಟು 60 ಲಕ್ಷಕ್ಕೂ ಹೆಚ್ಚು ಜನ. ಸಕ್ಕರೆಗೆ ರೇಷನ್ ಇದ್ದ ಕಾಲ ಅದು, ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳ ಹೆಂಗಸರು ತಮ್ಮ ಪಾಲಿನದನ್ನು ಉಳಿಸಿ ತಂದರು. ನಾನು ಬಂದ ವಾರ ಪಕ್ಕದ ಮನೆಯ ಅಜ್ಜಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ ತಂದು ಬಾಗಿಲಲ್ಲಿ ನಿಂತಿದ್ದರು. ಚಿಕ್ಕವರಿದ್ದಾಗ ಅವರು ಆ ಸ್ಟೇಷನ್ನಿನಲ್ಲಿ ಅಮ್ಮನ ಜೊತೆ ಮೊಟ್ಟೆ ಸುಲಿಯುತ್ತಿದ್ದರಂತೆ. ಆ ಸ್ಟೇಷನ್ ಕಟ್ಟಡ ಈಗಿಲ್ಲ, 1973ರಲ್ಲಿ ಕೆಡವಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀವು ಬಂದ ಮೊದಲ ಶನಿವಾರ ಯಾರ್ಡಿನ ಪಕ್ಕದ ಗೋಲ್ಡನ್ ಸ್ಪೈಕ್ ಟವರ್ ಎಂಬ ವೀಕ್ಷಣಾ ಗೋಪುರಕ್ಕೆ ಕರೆದುಕೊಂಡು ಹೋಗುತ್ತೇನೆ, ಎಂಟು ಅಂತಸ್ತು. ಬೇಸಿಗೆಯಲ್ಲಿ ಇಲ್ಲಿ ಬೆಳಗ್ಗೆ ಹತ್ತಾದರೆ ಹುಬ್ಬಳ್ಳಿಯಲ್ಲಿ ರಾತ್ರಿ ಎಂಟೂವರೆ. ಅಪ್ಪ ಊಟಕ್ಕೆ ಕೂರುವ ಮೊದಲೇ ವೀಡಿಯೊ ಕಾಲ್ ಮಾಡು, ದಿಬ್ಬ ಇಳಿಯುವ ವ್ಯಾಗನ್‌ಗಳನ್ನು ಅವರಿಗೆ ತೋರಿಸೋಣ.