16 ಜಿಬಿ ಜಿಪಿಯುನಲ್ಲಿ 7 ಬಿಲಿಯನ್ ಮಾಡೆಲ್ ಫೈನ್‌ಟ್ಯೂನ್ ಮಾಡಬಹುದಾ? ಉತ್ತರ ನಿಲ್ಲದೆ ಹರಿಯುವುದು ಯಾಕೆ?

ನೀವು ಕೇಳಿದ್ದು ಎರಡು: 3,000 ಕನ್ನಡ ದೂರುಗಳಿಗೆ ಚುಟುಕು ಉತ್ತರ ಬರೆಯುವುದನ್ನು ಲಾಮಾ 2ಕ್ಕೆ (ಮೆಟಾದ 7 ಬಿಲಿಯನ್ ಪ್ಯಾರಾಮೀಟರಿನ ಭಾಷಾ ಮಾಡೆಲ್) 16 ಜಿಬಿಯ ಟಿ4 ಜಿಪಿಯು ಕಾರ್ಡಿನಲ್ಲಿ ಕಲಿಸಬಹುದಾ, ಮತ್ತು ಕಲಿಸಿದ ಮೇಲೂ ಉತ್ತರ ನಿಲ್ಲದೆ ಹರಿಯುತ್ತಿರುವುದೇಕೆ.

ಮೊದಲನೆಯದಕ್ಕೆ ಹೌದು, ಆದರೆ ಇಡೀ ಮಾಡೆಲ್ಲನ್ನು ತಿದ್ದಲು ಹೋಗಬೇಡಿ. ಆಡಮ್ ಎಂಬ ತರಬೇತಿ ವಿಧಾನ ಬಳಸಿದರೆ ಒಂದು ಪ್ಯಾರಾಮೀಟರಿಗೆ (ಮಾಡೆಲ್ ಕಲಿತಿಟ್ಟ ಒಂದು ಸಂಖ್ಯೆ, ಅಂದರೆ ತೂಕ) ಸುಮಾರು 16 ಬೈಟ್ ಮೆಮೊರಿ ಬೇಕು, 7 ಬಿಲಿಯನ್‌ಗೆ ಅಂದರೆ 112 ಜಿಬಿ. ಲೋರಾ ಎಂಬ ವಿಧಾನ ಮೂಲ ತೂಕಗಳನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲಿ ಚಿಕ್ಕ ಮ್ಯಾಟ್ರಿಕ್ಸ್‌ಗಳನ್ನು ಸೇರಿಸಿ ಅವನ್ನಷ್ಟೇ ಕಲಿಸುತ್ತದೆ. 4096×4096ರ ಒಂದು ಮ್ಯಾಟ್ರಿಕ್ಸಿನಲ್ಲಿ 1,67,77,216 ಸಂಖ್ಯೆಗಳಿವೆ. ರ‍್ಯಾಂಕ್ (ಆ ಚಿಕ್ಕ ಮ್ಯಾಟ್ರಿಕ್ಸ್‌ಗಳ ಅಗಲ) 8 ಇಟ್ಟರೆ ಅದರ ಪಕ್ಕದಲ್ಲಿ ಕಲಿಯುವುದು ಬರೀ 65,536. ಮೂಲವನ್ನು 4 ಬಿಟ್‌ಗೆ ಇಳಿಸಿದರೆ (ಕ್ಯೂಲೋರಾ, 2023) ತೂಕಗಳು 4 ಜಿಬಿ ಆಸುಪಾಸಿನಲ್ಲಿ ಕೂರುತ್ತವೆ. ಬ್ಯಾಚ್ 1, ಗ್ರೇಡಿಯಂಟ್ ಅಕ್ಯುಮುಲೇಷನ್ 16 (16 ಉದಾಹರಣೆಗೊಮ್ಮೆ ತಿದ್ದುವುದು), ಗ್ರೇಡಿಯಂಟ್ ಚೆಕ್‌ಪಾಯಿಂಟಿಂಗ್ (ಮೆಮೊರಿ ಉಳಿಸುವ ಉಪಾಯ) ಆನ್, ಲರ್ನಿಂಗ್ ರೇಟ್ (ಪ್ರತಿ ಸಲ ತಿದ್ದುವ ಪ್ರಮಾಣ) 0.0002, ಎರಡು ಎಪಾಕ್ (ಇಡೀ ಡೇಟಾದ ಮೇಲೆ ಎರಡು ಸುತ್ತು): ಇಲ್ಲಿಂದ ಶುರು ಮಾಡಿ. ಟಿ4ಗೆ ಬಿಎಫ್16 (16 ಬಿಟ್‌ನ ಒಂದು ಸಂಖ್ಯಾ ರೂಪ) ಹಾರ್ಡ್‌ವೇರ್ ಬೆಂಬಲ ಇಲ್ಲ, ಎಫ್‌ಪಿ16 ಬಳಸಬೇಕು. ಅದರಲ್ಲಿ ಲಾಸ್ (ತಪ್ಪಿನ ಅಳತೆ) 'ನ್ಯಾನ್' (ಸಂಖ್ಯೆಯೇ ಅಲ್ಲ) ಆದರೆ ಮೊದಲು ಲರ್ನಿಂಗ್ ರೇಟ್ ಇಳಿಸಿ ನೋಡಿ.

ನಿಲ್ಲದಿರುವ ಕಾಯಿಲೆಗೆ ಬಹುಪಾಲು ಒಂದೇ ಕಾರಣ. ಲಾಮಾ 2ಕ್ಕೆ ಪ್ಯಾಡ್ ಟೋಕನ್ (ಸಾಲುಗಳ ಉದ್ದ ಸಮ ಮಾಡಲು ತುಂಬುವ ಗುರುತು; ಟೋಕನ್ ಅಂದರೆ ಮಾಡೆಲ್ ಓದುವ ತುಣುಕು) ಇಲ್ಲವೆಂದು ಹಲವರು ಇಒಎಸ್ (ಉತ್ತರ ಮುಗಿಯಿತೆನ್ನುವ ಗುರುತು) ಅನ್ನೇ ಪ್ಯಾಡ್ ಮಾಡಿಬಿಡುತ್ತಾರೆ. ಬ್ಯಾಚ್ ಕಟ್ಟುವ ಕೊಲೇಟರ್ ಪ್ಯಾಡ್ ಇರುವಲ್ಲೆಲ್ಲ ಲೇಬಲ್ಲನ್ನು (ಮಾಡೆಲ್ ಕಲಿಯಬೇಕಾದದ್ದು) -100 ಮಾಡುತ್ತದೆ, ಅಂದರೆ ಅದು ಕಲಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಅದರ ಜೊತೆ ಉತ್ತರದ ಕೊನೆಯ ನಿಜವಾದ ಇಒಎಸ್ ಕೂಡ ಅಳಿಸಿಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ಮಾಡೆಲ್ಲಿಗೆ ಯಾರೂ ಹೇಳಿಕೊಟ್ಟೇ ಇಲ್ಲ! ಯುಎನ್‌ಕೆ ಟೋಕನ್ನನ್ನು (ಗೊತ್ತಿಲ್ಲದ ತುಣುಕಿನ ಗುರುತು) ಪ್ಯಾಡ್ ಮಾಡಿ, ಪ್ರತಿ ಉತ್ತರದ ಕೊನೆಗೂ ಇಒಎಸ್ ಸೇರಿಸಿ, ಒಂದು ಬ್ಯಾಚಿನ ಲೇಬಲ್‌ಗಳನ್ನು ಪ್ರಿಂಟ್ ಮಾಡಿ ಕಣ್ಣಾರೆ ನೋಡಿ. ಪ್ರಶ್ನೆಯ ಭಾಗ -100, ಉತ್ತರ ಮತ್ತು ಇಒಎಸ್ ಮಾತ್ರ ಉಳಿದಿರಬೇಕು.

ನೀವು ಕೇಳದ ಇನ್ನೊಂದು ತೊಡಕಿದೆ. ಲಾಮಾ 2ರ ಟೋಕನೈಸರ್ (ಪಠ್ಯವನ್ನು ತುಣುಕು ಮಾಡುವ ಭಾಗ) ತನ್ನ 32,000 ತುಣುಕುಗಳ ಪಟ್ಟಿಯಲ್ಲಿಲ್ಲದ ಅಕ್ಷರವನ್ನು ಬೈಟ್‌ಗಳಾಗಿ ಒಡೆಯುತ್ತದೆ. 'ಕನ್ನಡ' ಯುನಿಕೋಡಿನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಪೂರ್ತಿ ಒಡೆದರೆ ಒಂದೇ ಪದಕ್ಕೆ 15 ಟೋಕನ್! 512 ಟೋಕನ್ನಿನ ಮಿತಿ ಇಟ್ಟಿದ್ದರೆ ಉದ್ದದ ದೂರುಗಳಲ್ಲಿ ಉತ್ತರವೇ ಕತ್ತರಿಸಿ ಹೋಗಿರುತ್ತದೆ, ಅದರ ಜೊತೆ ಇಒಎಸ್ ಕೂಡ. ಹಾಗಾಗಿ ಟ್ರೇನಿಂಗಿಗೆ ಮುಂಚೆ 100 ದೂರುಗಳ ಟೋಕನ್ ಎಣಿಸಿ. ಪದಕ್ಕೆ ಏಳೆಂಟು ದಾಟಿದರೆ ಲೋರಾ ರ‍್ಯಾಂಕ್ ಏರಿಸಿ ಪ್ರಯೋಜನವಿಲ್ಲ, ಕನ್ನಡವನ್ನು ಕಡಿಮೆ ಒಡೆಯುವ ಮಾಡೆಲ್ ಹಿಡಿಯಿರಿ.

ಅಂದಹಾಗೆ, ದೂರುಗಳನ್ನು ವಿಂಗಡಿಸುವುದಷ್ಟೇ ಸಾಕು ಅನ್ನುವುದಾದರೆ ಇದೆಲ್ಲ ಬೇಡ; ಗೂಗಲ್‌ನ ಮ್ಯೂರಿಲ್ ಎಂಬ ಚಿಕ್ಕ ಮಾಡೆಲ್ಲಿಗೆ ಕನ್ನಡ ಬರುತ್ತದೆ, ಟಿ4ರಲ್ಲಿ ಅದನ್ನು ಇಡಿಯಾಗಿಯೇ ಫೈನ್‌ಟ್ಯೂನ್ ಮಾಡಬಹುದು.