ಫ್ಲ್ಯಾಟ್‌ನ ನಕ್ಷತ್ರಕ್ಕೆ ಹೆಚ್ಚು ಹಣ ಕೊಡಬೇಕೇ?

ಪ್ರಶ್ನೆ: ಕದ್ರಿಯ ಬಳಿ ನಾವು ನೋಡಿದ ಫ್ಲ್ಯಾಟ್‌ಗೆ ಇಂಧನ ದಕ್ಷತೆಯ ನಕ್ಷತ್ರ ಪ್ರಮಾಣಪತ್ರವಿದೆ ಎಂದು ಬಿಲ್ಡರ್ ಹೆಚ್ಚಿನ ದರ ಹೇಳುತ್ತಿದ್ದಾರೆ. ಇದರಿಂದ ಮೆಸ್ಕಾಂ ಬಿಲ್ಲು ನಿಜವಾಗಿಯೂ ಇಳಿಯುತ್ತದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಂಥ ಭರವಸೆಯನ್ನು ಆ ಪತ್ರ ಕೊಡುವುದಿಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ವಸತಿ ಕಟ್ಟಡಗಳಿಗೆ ನೀಡುವ 1ರಿಂದ 5ರವರೆಗಿನ ನಕ್ಷತ್ರಗಳು, ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಬೇಕಾದೀತೆಂಬ ಅಂದಾಜನ್ನು ಆಧರಿಸಿವೆ. ನಿಮ್ಮ ಮನೆಯವರು ಏಸಿಯನ್ನು ಎಷ್ಟು ಹೊತ್ತು ಓಡಿಸುತ್ತಾರೆಂಬುದು ಆ ಲೆಕ್ಕಕ್ಕೆ ಗೊತ್ತಿರುವುದಿಲ್ಲ.

ಹಾಗೆಂದು ಅದನ್ನು ಬರೀ ಕಾಗದವೆಂದು ತಳ್ಳಿಹಾಕಬೇಕಿಲ್ಲ. ವಸತಿ ಕಟ್ಟಡಗಳಲ್ಲಿ ಇಂಧನ ಉಳಿಸಲು ಅದೇ ಬ್ಯೂರೋ ರೂಪಿಸಿದ ನಿಯಮಾವಳಿಯಾದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ, ಕರಾವಳಿಯಂಥ ಬಿಸಿ ಮತ್ತು ತೇವದ ಹವೆಯಲ್ಲಿ, ಹೊರಕ್ಕೆ ತೆರೆಯಬಹುದಾದ ಕಿಟಕಿ, ಬಾಗಿಲು, ವೆಂಟಿಲೇಟರ್‌ಗಳ ವಿಸ್ತೀರ್ಣವು ಕಾರ್ಪೆಟ್ ಏರಿಯಾದ (ಮನೆಯೊಳಗಿನ ಬಳಕೆಯ ನೆಲದ) ಶೇ. 16.66ರಷ್ಟಾದರೂ ಇರಬೇಕು. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಪಟ್ಟಿ ಇನ್ನೊಂದರ ಹಿಂದೆ ಸರಿಯುವುದರಿಂದ ತೆರೆಯುವುದು ಅರ್ಧ ಮಾತ್ರ. ಶೋ ಫ್ಲ್ಯಾಟ್‌ನಲ್ಲಿ ಅಗಲವಾಗಿ ಕಾಣುವ ಗಾಜು ಏಪ್ರಿಲ್ ತಿಂಗಳ ಸೆಕೆಯಲ್ಲಿ, ಅದೂ ಕರೆಂಟ್ ಹೋದಾಗ, ಅಷ್ಟೇನೂ ಉಪಕಾರಕ್ಕೆ ಬಾರದು. ಸಂಹಿತೆಯು ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೂ ಚದರ ಮೀಟರಿಗೆ 15 ವ್ಯಾಟ್‌ಗಳ ಮಿತಿಯನ್ನು ಇಟ್ಟಿದೆ.

ಆದ್ದರಿಂದ ನಕ್ಷತ್ರಗಳನ್ನು ಎಣಿಸುವ ಬದಲು ಅದರ ಹಿಂದಿನ ಲೆಕ್ಕಪತ್ರವನ್ನು ಕೇಳಿ ಪಡೆಯಿರಿ, ಅದನ್ನು ಬರೀ ನಕ್ಷೆ ನೋಡಿ ಮಾಡಿದ್ದೋ ಕಟ್ಟಿದ ಕಟ್ಟಡಕ್ಕೆ ಮಾಡಿದ್ದೋ ಎಂದು ವಿಚಾರಿಸಿರಿ. ಪಶ್ಚಿಮದ ಕಿಟಕಿಗಳಿಗೆ ಸಜ್ಜಾ ಇದೆಯೇ, ಮೇಲಿನ ಮಹಡಿಯಾದರೆ ತಾರಸಿಗೆ ಶಾಖ ತಡೆಯುವ ಪದರ ಹಾಕಿದ್ದಾರೆಯೇ ಎಂದು ಕಣ್ಣಾರೆ ನೋಡಿರಿ. ಇವು ಇಲ್ಲದಿದ್ದರೆ ಹೆಚ್ಚುವರಿ ಹಣ ಕೊಡಲು ನಮಗೆ ಕಾರಣ ಕಾಣುವುದಿಲ್ಲ.